ಅದು ಠೇವಣಿಯಲ್ಲ, ಸಾಲ

ಮಾನ್ಯ ಸಂಪಾದಕರೇ,

2023ರಲ್ಲಿ ಬ್ಯಾಂಕಿನ ಎಫ್‌ಡಿ ಮುರಿಸಿ, ಎರಡು ಲಕ್ಷ ರೂಪಾಯಿಯನ್ನು ಒಂದು ಪಿ-ಟು-ಪಿ (ಜನರಿಂದ ಜನರಿಗೆ) ಸಾಲದ ಆ್ಯಪ್‌ಗೆ ಹಾಕಿದೆ. ಬಡ್ಡಿ ಬ್ಯಾಂಕಿಗಿಂತ ಜಾಸ್ತಿ. 'ಯಾವಾಗ ಬೇಕಾದರೂ ವಾಪಸ್ ಪಡೆಯಿರಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಒಂದೆರಡು ಸಲ ಕೇಳಿದ ದಿನವೇ ದುಡ್ಡು ಬಂತು ಕೂಡ. ಇದೂ ಒಂದು ಠೇವಣಿ ಎಂದೇ ನಂಬಿದ್ದೆ.

ಮರುವರ್ಷದ ದಸರೆ ಹೊತ್ತಿಗೆ ಮನೆ ರಿಪೇರಿಗೆಂದು ಅದೇ ಬಟನ್ ಒತ್ತಿದೆ. 'ಸಾಲಗಾರರು ಕಂತು ಕಟ್ಟಿದ ಹಾಗೆ ಜಮಾ ಆಗುತ್ತದೆ' ಎಂಬ ಉತ್ತರ ಬಂತು. ಆಗಲೇ ಪಟ್ಟಿ ತೆರೆದು ನೋಡಿದ್ದು. ನನ್ನ ದುಡ್ಡು ಐನೂರು, ಸಾವಿರವಾಗಿ ಗುರುತು ಪರಿಚಯವಿಲ್ಲದ ಎಷ್ಟೋ ಜನರ ಕೈ ಸೇರಿತ್ತು. ಕೆಲವರು ಕಂತು ಕಟ್ಟಿಯೇ ತಿಂಗಳುಗಳಾಗಿದ್ದವು.

ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ನಿಯಮ ಬಿಗಿ ಮಾಡಿ, ಹೀಗೆ ಕೇಳಿದಾಗ ವಾಪಸ್ ಕೊಡುವುದಕ್ಕೆ ತಡೆ ಹಾಕಿತ್ತು. ಅದನ್ನು ನಾನು ದೂರುವುದಿಲ್ಲ, ಮಾಡಿದ್ದು ಸರಿಯೇ. ಎರಡು ಮೂರು ವರ್ಷಕ್ಕೆ ಕೊಟ್ಟ ಸಾಲ ಕೇಳಿದ ದಿನವೇ ವಾಪಸ್ ಬರಲು ಹೇಗೆ ಸಾಧ್ಯ? ಹೊಸದಾಗಿ ಸೇರಿದವರ ದುಡ್ಡನ್ನು ಹೊರಡುವವರಿಗೆ ಕೊಟ್ಟು, ಸಾಲವನ್ನು ಹೊಸಬರ ತಲೆಗೆ ಕಟ್ಟಿದರೆ ಮಾತ್ರ ಸಾಧ್ಯ. ಹೊಸಬರು ಬರುವುದು ನಿಂತ ದಿನ ಎಲ್ಲವೂ ನಿಲ್ಲುತ್ತದೆ. ಚೀನಾದಲ್ಲಿ ಸಾವಿರಾರು ಇಂಥ ವೇದಿಕೆಗಳಿದ್ದವು. 'ಇಝುಬಾವ್' ಎಂಬ ಒಂದರಲ್ಲೇ ಸುಮಾರು 9 ಲಕ್ಷ ಜನ ಮೋಸಹೋದರು. 2020ರ ಕೊನೆಗೆ ಅಲ್ಲಿ ಒಂದೂ ಉಳಿಯಲಿಲ್ಲ.

'ರಿಸರ್ವ್ ಬ್ಯಾಂಕಿನ ನೋಂದಣಿ ಇದೆ, ಭಯ ಬೇಡ' ಎಂದು ನನಗೆ ಹೇಳಿದ್ದರು. ಆದರೆ ನೋಂದಣಿ ಅಂದರೆ ಗ್ಯಾರಂಟಿ ಅಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಇದಕ್ಕೆ ಇಲ್ಲ. ಸಾಲಗಾರ ಕೈಯೆತ್ತಿದರೆ ಅಸಲೂ ನಮ್ಮದೇ ನಷ್ಟ. ಊರಲ್ಲಿ ಕೈಸಾಲ ಕೊಡುವಾಗ ಆ ಮನುಷ್ಯ ಯಾರು, ಏನು ಕೆಲಸ ಅಂತ ಹತ್ತು ಸಲ ವಿಚಾರಿಸುತ್ತೇವೆ ಅಲ್ವಾ? ಫೋನಿನಲ್ಲಿ ಅದನ್ನೆಲ್ಲ ಮರೆತುಬಿಟ್ಟೆ.

ಈ ವ್ಯವಹಾರವೇ ಬೇಡ ಎನ್ನುತ್ತಿಲ್ಲ. ಬ್ಯಾಂಕಿನಲ್ಲಿ ಸಾಲ ಸಿಗದ ಸಣ್ಣ ಅಂಗಡಿಯವರಿಗೆ ಇದರಿಂದ ಅನುಕೂಲವಾಗಬಹುದು. ಆದರೆ ಕೊಡುವವರಿಗೆ ತಾವು ಸಾಲ ಕೊಡುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು. ಎಷ್ಟು ಸಾಲ ವಸೂಲಾಗಿಲ್ಲ ಎಂಬುದನ್ನು ಕಂಪನಿಗಳು ಪ್ರತಿ ತಿಂಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕೆಂಬ ನಿಯಮ ಈಗಲೂ ಇದೆ. ನಾನು ಹಾಕಿದ ಕಂಪನಿಯ ವೆಬ್‌ಸೈಟಿನಲ್ಲಿ ಅದು ತೀರಾ ಕೆಳಗೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಆ ಲೆಕ್ಕ ಕನ್ನಡದಲ್ಲಿ, ದುಡ್ಡು ಹಾಕುವ ಬಟನ್ನಿನ ಪಕ್ಕದಲ್ಲೇ ಕಾಣುವಂತೆ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಲಿ.

– ನಿವೃತ್ತ ಶಿಕ್ಷಕಿ, ದಾವಣಗೆರೆ