ನಮ್ಮ ಲ್ಯಾಬಿನ 11 ಟಿಎಗಳಿಗೆ (ಬೋಧನಾ ಸಹಾಯಕರಿಗೆ)

ನಿನ್ನೆ ಸಂಜೆ ಮೊದಲ ವರ್ಷದ ಪ್ರೋಗ್ರಾಮಿಂಗ್ ಕೋರ್ಸಿನ ಗ್ರೇಡುಗಳನ್ನು ಕಳಿಸಿದೆ. 220 ಮಕ್ಕಳು, 11 ಟಿಎಗಳು. ಪಾಠ ಮಾಡಿದವಳು ನಾನು. ಸೆಮಿಸ್ಟರ್ ದಡ ಮುಟ್ಟಿದ್ದು ನಿಮ್ಮಿಂದ.

ಹೋದ ವರ್ಷದ್ದು ಇನ್ನೂ ಮರೆತಿಲ್ಲ. ಹೆಚ್ಚುಕಮ್ಮಿ ಒಂದೇ ಉತ್ತರಕ್ಕೆ ಒಬ್ಬಳಿಗೆ 4 ಅಂಕ, ಪಕ್ಕದ ಬ್ಯಾಚಿನ ಹುಡುಗನಿಗೆ 9. ಆ ಹುಡುಗಿ ಎರಡೂ ಪತ್ರಿಕೆ ಹಿಡಿದು ಬಂದಾಗ ನನ್ನ ಹತ್ತಿರ ಮಾತಿರಲಿಲ್ಲ. ತಪ್ಪು ಟಿಎಗಳದ್ದಲ್ಲ. ಅಂಕ ಹೇಗೆ ಕೊಡಬೇಕು ಅಂತ ನಾನು ಹೇಳಿಕೊಟ್ಟೇ ಇರಲಿಲ್ಲ.

ಅದಕ್ಕೇ ಈ ಸಲ ಟಿಎಗಳನ್ನು ಆರಿಸುವಾಗ ಎಂ.ಟೆಕ್ ಪ್ರವೇಶ ಪರೀಕ್ಷೆಯಾದ ಗೇಟ್‌ನ ಸ್ಕೋರ್ ಒಂದನ್ನೇ ನೋಡಲಿಲ್ಲ. ತಪ್ಪಿರುವ ಪ್ರೋಗ್ರಾಂ ಒಂದನ್ನು ಕೊಟ್ಟು, ಬರೆದ ಮಗುವಿಗೆ ಏನು ಕೇಳ್ತೀರಿ ಅಂದೆ. ಆಮೇಲೆ ಎರಡು ಶನಿವಾರ ಕೂತು, ಹಳೆಯ 5 ಪತ್ರಿಕೆಗಳನ್ನು ಎಲ್ಲರೂ ಬೇರೆ ಬೇರೆಯಾಗಿ ತಿದ್ದಿದೆವು. ಮೊದಲ ಸುತ್ತಲ್ಲಿ ಅಂಕಗಳು ಎಲ್ಲೆಲ್ಲೋ ಇದ್ದವು. ವಾದ ಮಾಡಿ ಮಾಡಿ ಹತ್ತಿರಕ್ಕೆ ತಂದಿರಿ. ಪರೀಕ್ಷೆಯಲ್ಲೂ ಒಂದು ಪ್ರಶ್ನೆಯನ್ನು ಅಷ್ಟೂ ಮಕ್ಕಳದ್ದು ಒಬ್ಬರೇ ತಿದ್ದಿದಿರಿ. ಅಂಕದ ದೂರು ಬಂದಿದ್ದು ಮೂರೇ ಮೂರು!

ಮಕ್ಕಳ ಕೀಬೋರ್ಡ್ ಮುಟ್ಟಬೇಡಿ ಅಂದಿದ್ದು ನಿಮಗೆ ಕಷ್ಟ ಆಗಿತ್ತು, ಅಲ್ವಾ? ನೀವೇ ಟೈಪ್ ಮಾಡಿದ್ದರೆ ಅರ್ಧ ನಿಮಿಷದ ಕೆಲಸ. ಹಾವೇರಿ ಕಡೆಯ ಹುಡುಗ, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. 'ಇಫ್' ಅನ್ನುವ ಷರತ್ತಿನ ಸಾಲಿನೊಳಗೆ ಎರಡು ಸಮ ಚಿಹ್ನೆ ಹಾಕುವ ಕಡೆ ಒಂದೇ ಹಾಕಿದ್ದ. ಸಿ ಭಾಷೆಯಲ್ಲಿ ಅದು ಸುಮ್ನೆ ಓಡಿಬಿಡುತ್ತದೆ, ಉತ್ತರ ಮಾತ್ರ ತಪ್ಪು. ನಿಮ್ಮಲ್ಲೊಬ್ಬಳು ಪಕ್ಕ ಕೂತು, "ಈ ಸಾಲನ್ನ ಕನ್ನಡದಲ್ಲಿ ಓದಿ ಹೇಳು" ಅಂದಳು. ಓದ್ತಾ ಓದ್ತಾ ಅವನೇ ತಡೆದು ನಿಂತ. "ಅಕ್ಕಾ, ನಾ ಇಲ್ಲಿ ಹೋಲಿಸಾಕತ್ತಿಲ್ಲ, ಬೆಲಿ ತುಂಬಾಕತ್ತೀನಿ!" ಬಾಗಿಲ ಹತ್ತಿರ ನಿಂತಿದ್ದ ನನಗೆ ಕಣ್ಣು ತುಂಬಿತು.

ಅಕ್ಟೋಬರಿನಲ್ಲಿ ಅಮ್ಮ ಆಸ್ಪತ್ರೆ ಸೇರಿದರು. ಮೂರು ವಾರ ನಾನು ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಂದು ಲ್ಯಾಬೂ ತಪ್ಪಲಿಲ್ಲ. ಪಿಎಚ್‌ಡಿಯವರು ಟ್ಯುಟೋರಿಯಲ್ ವಹಿಸಿಕೊಂಡಿರಿ. ಪ್ಲೇಸ್‌ಮೆಂಟ್ ಸಂದರ್ಶನದ ದಿನವೂ ಒಬ್ಬರ ಬದಲು ಇನ್ನೊಬ್ಬರು ನಿಂತಿರಿ. ಲ್ಯಾಬ್ ಅಸಿಸ್ಟೆಂಟ್ ಅಣ್ಣ ರಾತ್ರಿ ಎಂಟರ ತನಕ ಬಾಗಿಲು ತೆರೆದಿಟ್ಟರು.

ಎಂ.ಟೆಕ್ ಟಿಎಗೆ ತಿಂಗಳಿಗೆ 12,400 ರೂಪಾಯಿ, ವಾರಕ್ಕೆ 8 ಗಂಟೆ ಕೆಲಸ. ನೀವು ಅದಕ್ಕಿಂತ ಜಾಸ್ತಿ ದುಡಿದಿರಿ. ಹಾಗಾಗಬಾರದಿತ್ತು. ಮುಂದಿನ ಸಲ ಇನ್ನೂ ಮೂವರು ಬೇಕು ಅಂತ ವಿಭಾಗಕ್ಕೆ ಬರೆದಿದ್ದೇನೆ.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಗೆ ಊಟಕ್ಕೆ ಬನ್ನಿ. ಅಮ್ಮ ನಿಮ್ಮನ್ನು ನೋಡಬೇಕಂತೆ.