ಮುಖ ಸಿಂಡರಿಸಿದರೆ ಸಿಂಡರಿಸಲಿ

ತೀರ್ಥಹಳ್ಳಿ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸ್ಕ್ಯಾನು, ರಿಪೋರ್ಟು, ತನಗೆ ಗುದನಾಳದ ಕ್ಯಾನ್ಸರ್ ಅಂತ ಡಾಕ್ಟರು ಹೇಳಿದ್ದು, ಎಲ್ಲ ನಿಮ್ಮಮ್ಮನೇ ಫೋನಿನಲ್ಲಿ ಹೇಳಿದ್ದಳು. ಅದನ್ನೆಲ್ಲ ಮತ್ತೆ ಎತ್ತುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ನೀನು ಸಹಿ ಹಾಕಿದ ಮೇಲೆ ಕೆಳಗೆ ಸೇರಿಸಿದ ಎರಡು ಸಾಲು. "ಆಪರೇಷನ್ ಆದಮೇಲೆ ಅಮ್ಮನ ಹೊಟ್ಟೆಗೆ ಅಂಟಿಸುವ ಮಲದ ಚೀಲ ಬದಲಿಸುವಾಗ ನನ್ನ ಮುಖದಲ್ಲಿ ಹೇಸಿಗೆ ಕಂಡುಬಿಟ್ಟರೆ? ಅದನ್ನು ಅವಳು ನೋಡಿಬಿಟ್ಟರೆ ಏನು ಮಾಡಲಿ ದೊಡ್ಡಮ್ಮ?"

ಇದನ್ನು ಫೋನಿನಲ್ಲಿ ಕೇಳೋಕಾಗದೆ ಬರೆದಿದ್ದೀಯ ಅಂತ ಅರ್ಥವಾಯಿತು. ಹಾಗಾಗಿ ನಾನೂ ಬರೆಯುತ್ತಿದ್ದೇನೆ. ಅಕ್ಷರ ಅಡ್ಡಾದಿಡ್ಡಿ ಇದ್ದರೆ ಸಹಿಸಿಕೋ.

ಕಂಡೇ ಕಾಣುತ್ತೆ ಕಣೋ. ಮೊದಲ ಸಲ ನಿನ್ನ ಮುಖ ಸಿಂಡರಿಸಿಯೇ ಸಿಂಡರಿಸುತ್ತೆ. ವಾಸನೆ ಬಂದರೆ ಮೂಗು ತಾನಾಗಿ ಮೇಲೆ ಹೋಗುತ್ತೆ. ಅದು ಯಾರ ಅಮ್ಮ, ಎಷ್ಟು ಪ್ರೀತಿ ಅಂತ ಮೂಗು ವಿಚಾರಿಸಲ್ಲ. "ಅವಳು ನಿನ್ನದನ್ನು ತೊಳೆದಿಲ್ಲವಾ, ಈಗ ನಿನ್ನ ಸರದಿ" ಅಂತ ಜನ ಹೇಳುತ್ತಾರೆ. ಆ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಮಗುವಿಗೆ ನಾಚಿಕೆ ಇರಲ್ಲ. ಐವತ್ತೆಂಟು ವರ್ಷದ ಹೆಂಗಸಿಗೆ ಇರುತ್ತೆ. ಅದರಲ್ಲೂ ನಿಮ್ಮಮ್ಮನಿಗೆ. ಸಣ್ಣವರಿದ್ದಾಗ ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ನಾನು ಕಾಲು ತೊಳೆಯದೆ ಹತ್ತಿದರೆ ಒದ್ದು ಕೆಳಗಿಳಿಸುತ್ತಿದ್ದಳು, ತಂಗಿಯಾಗಿದ್ದರೂ! ಬಚ್ಚಲಿಗೆ ಹೋದರೆ ಒಳಗೆ ನೀರು ಸುರಿಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಅಂಥವಳಿಗೆ ಇಂಥ ಜಾಗದಲ್ಲಿ ಕಾಯಿಲೆ. ಹೇಳಿ ಏನು ಪ್ರಯೋಜನ.

ನಿನ್ನ ಕಾಗದ ಓದಿದ ಮೇಲೆ ನಮ್ಮ ಬೀದಿಯ ಟೀಚರಮ್ಮನ ಮನೆಗೆ ಹೋಗಿದ್ದೆ. ರಿಟೈರ್ ಆದವರು. ಅವರಿಗೆ ಇದೇ ಕಾಯಿಲೆಯಾಗಿ ತುಂಬಾ ವರ್ಷ ಆಯಿತು, ಹೊಟ್ಟೆಯ ಎಡಗಡೆ ಚೀಲ ಇದೆ. ಮದುವೆ ಮುಂಜಿಗೆಲ್ಲ ರೇಷ್ಮೆ ಸೀರೆ ಉಟ್ಟು ಬರುತ್ತಾರೆ, ನನಗೇ ಎಷ್ಟೋ ದಿನ ಗೊತ್ತಿರಲಿಲ್ಲ. ಸಂಕೋಚ ಪಡುತ್ತಲೇ ಕೇಳಿದೆ. ಅವರು ಒಳಗೆ ಕರೆದುಕೊಂಡು ಹೋಗಿ ತೋರಿಸಿಯೇಬಿಟ್ಟರು. ಹೊಟ್ಟೆಯಿಂದ ಹೊರಗೆ ತಂದ ಕರುಳಿನ ತುದಿ ಕೆಂಪಗೆ, ಒದ್ದೆಯಾಗಿ, ನಮ್ಮ ಕೆನ್ನೆಯ ಒಳಭಾಗದ ಹಾಗೇ ಇದೆ. ಗಾಯ ಅಂದುಕೊಂಡು ಹೆದರಿದ್ದೆ. ಮುಟ್ಟಿದರೆ ನೋವಾಗಲ್ಲವಂತೆ, ಕರುಳಿಗೆ ಆ ಥರದ ನೋವು ತಿಳಿಯೋದಿಲ್ಲವಂತೆ. ಸುತ್ತಲಿನ ಚರ್ಮಕ್ಕೆ ಮಾತ್ರ ತಿಳಿಯುತ್ತೆ. ಅದಕ್ಕೇ ಚೀಲವನ್ನು ಮೈಗೆ ಹಿಡಿಸುವ ಅಂಟಿನ ಬಿಲ್ಲೆಯ ತೂತನ್ನು ಸರಿಯಾದ ಅಳತೆಗೆ ಕತ್ತರಿಸಬೇಕು, ದೊಡ್ಡದಾದರೆ ಮಲ ತಾಗಿ ಚರ್ಮ ಉರಿಯುತ್ತೆ. ತೊಳೆಯೋಕೆ ಉಗುರುಬೆಚ್ಚಗಿನ ನೀರು ಸಾಕು. ಎಣ್ಣೆ, ಕ್ರೀಮು ಹಚ್ಚಿದರೆ ಅಂಟು ಹಿಡಿಯಲ್ಲ. ಚೀಲ ಮೂರನೇ ಒಂದು ಪಾಲು ತುಂಬುವಾಗಲೇ ಖಾಲಿ ಮಾಡಬೇಕು. ಪೂರ್ತಿ ಬದಲಿಸೋದು ಬೆಳಿಗ್ಗೆ, ಏನೂ ತಿನ್ನುವ ಮೊದಲು. ಆಗ ಕರುಳು ಸುಮ್ಮನಿರುತ್ತೆ.

ಇದೆಲ್ಲ ನಿನಗೆ ಆಸ್ಪತ್ರೆಯ ನರ್ಸ್ ಹೇಳಿಕೊಡುತ್ತಾರೆ, ನಾನು ಸುಮ್ನೆ ಮುಂದಾಗಿ ಹೇಳುತ್ತಿದ್ದೇನೆ. ಆದರೆ ಟೀಚರಮ್ಮ ಹೇಳಿದ ಇನ್ನೊಂದು ಮಾತು ಬರೆಯಬೇಕು. "ನನ್ನ ಮಗ ಮಾಡಿದ್ದು ಮೊದಲ ಕೆಲವು ದಿನ ಅಷ್ಟೇ. ಆಮೇಲೆ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ" ಅಂದರು. ಮೈಯಲ್ಲಿ ಶಕ್ತಿ ಬಂದಮೇಲೆ ಬಹಳ ಜನ ತಾವೇ ಬದಲಿಸಿಕೊಳ್ಳುತ್ತಾರಂತೆ. ನಿಮ್ಮಮ್ಮ ಬಿಡುತ್ತಾಳಾ? ನಿನ್ನನ್ನು ಹತ್ತಿರ ಸೇರಿಸಿದರೆ ಕೇಳು. ನಿನಗೆ ಭಯ ಇರುವ ಆ ದಿನಗಳು ತೀರಾ ಕಡಿಮೆ ಇರಬಹುದು. ಹಾಗಂತ ಭಯ ಹೋಗಲ್ಲ, ಗೊತ್ತು.

ನಾನು ಮದುವೆಯಾಗಿ ಬಂದ ಹೊಸತು. 1984ರ ಆಸುಪಾಸು. ನಮ್ಮ ಮಾವನವರಿಗೆ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಅಂದರು. ನಾಟಿ ಔಷಧಿ, ಮಜ್ಜಿಗೆ, ಪಥ್ಯ ಅಂತ ಎಷ್ಟೋ ಕಾಲ ಕಳೆಯಿತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗೆಡ್ಡೆ ದಾರಿಯನ್ನೇ ಮುಚ್ಚಿತ್ತು. ಹೊಟ್ಟೆಯಲ್ಲಿ ದಾರಿ ಮಾಡಿ ಮನೆಗೆ ಕಳಿಸಿದರು. ಕಾಯಿಲೆಯ ಹೆಸರು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವರಿಗೂ ಹೇಳಲಿಲ್ಲ. ಆಗ ನಮ್ಮ ಕಡೆ ಅಂಟಿಸುವ ಚೀಲ ಸಿಗುತ್ತಿರಲಿಲ್ಲ. ಹಳೇ ಪಂಚೆ ಹರಿದು, ಮಡಚಿ, ಹೊಟ್ಟೆಗೆ ಸುತ್ತುತ್ತಿದ್ದೆವು. ಗಂಡುಮಕ್ಕಳು ಮೂವರಿದ್ದರು. ಆದರೆ ಅದು ಸೊಸೆಯ ಕೆಲಸ ಅಂತ ತೀರ್ಮಾನವಾಯಿತು. ಯಾರು ತೀರ್ಮಾನ ಮಾಡಿದರೋ ಇವತ್ತಿಗೂ ಗೊತ್ತಿಲ್ಲ.

ನನ್ನ ಮುಖ ಒಂದು ದಿನವೂ ಸಿಂಡರಿಸಲಿಲ್ಲ ಪುಟ್ಟಾ. ಅದನ್ನೇ ಸಾಧನೆ ಅಂದುಕೊಂಡಿದ್ದೆ. ಉಸಿರು ಹಿಡಿದು ಒಳಗೆ ಹೋಗುವುದು, ಕಣ್ಣು ಎತ್ತದೆ ಬಟ್ಟೆ ಬದಲಿಸುವುದು, ಮಾತಿಲ್ಲದೆ ಹೊರಗೆ ಬರುವುದು. ಎಂಥ ಸೊಸೆ ಅಂತ ಊರು ಹೊಗಳಿತು. ಅವರು ಊಟ ಕಡಿಮೆ ಮಾಡುತ್ತಾ ಬಂದರು. ಎರಡು ತುತ್ತು ತಿಂದು ಸಾಕು ಅನ್ನುತ್ತಿದ್ದರು. ಕಾಯಿಲೆಗೆ ಹಸಿವಿಲ್ಲ ಅಂದುಕೊಂಡೆವು. ಅವರು ಹೋದಮೇಲೆ ಯಾವಾಗಲೋ ಅತ್ತೆ ಹೇಳಿದರು: "ತಿಂದರೆ ಆ ಹುಡುಗಿಗೆ ಕೆಲಸ ಜಾಸ್ತಿ ಅಂತ ಹೊಟ್ಟೆ ಕಟ್ಟುತ್ತಿದ್ದರು ಕಣೇ."

ನನ್ನ ಮುಖದಲ್ಲಿ ಹೇಸಿಗೆ ಇರಲಿಲ್ಲ, ಸರಿ. ಆದರೆ ಬೇರೆ ಏನೂ ಇರಲಿಲ್ಲ. ಅದನ್ನೇ ಅವರು ಓದಿಕೊಂಡರು ಅಂತ ಕಾಣುತ್ತೆ. ಒಂದು ಸಲ "ಮಾವಾ, ಇವತ್ತು ಸ್ವಲ್ಪ ವಾಸನೆ" ಅಂತ ನಾನು ಹೇಳಿದ್ದರೆ, ಅವರು "ಹೌದಮ್ಮಾ, ನನಗೂ" ಅಂದಿದ್ದರೆ, ಇಬ್ಬರೂ ನಕ್ಕಿರುತ್ತಿದ್ದೆವೋ ಏನೋ. ಅವರು ಮೊದಲು ತುಂಬಾ ತಮಾಷೆ ಮಾಡುತ್ತಿದ್ದವರು. ಈಗ ಯೋಚಿಸಿ ಏನು.

ಹಾಗಾಗಿ ನೀನು ನಿನ್ನ ಮುಖ ಕಾಯಬೇಡ. ಅವಳ ತಟ್ಟೆ ನೋಡು. ಎಷ್ಟು ಬಡಿಸಿಕೊಂಡಳು, ಎಷ್ಟು ಬಿಟ್ಟಳು, ನೀರು ಕುಡಿದಳಾ. ಚೀಲ ಇರುವವರು ಚೀಲ ತುಂಬಬಾರದು ಅಂತ ಊಟ, ನೀರು ಬಿಡುವುದು ಉಂಟಂತೆ, ಟೀಚರಮ್ಮನೂ ಮಾಡಿದ್ದರಂತೆ. ನಿಮ್ಮಮ್ಮ ಮಾಡೇ ಮಾಡುತ್ತಾಳೆ. ಸಣ್ಣ ಕರುಳಿನಿಂದ ಚೀಲ ಇಟ್ಟರೆ ಇದು ಇನ್ನೂ ಅಪಾಯ. ಅದರಲ್ಲಿ ನೀರು, ಉಪ್ಪು ಜಾಸ್ತಿ ಹೋಗುತ್ತೆ, ಕುಡಿಯದಿದ್ದರೆ ಕಿಡ್ನಿಗೆ ಪೆಟ್ಟು. ಉಪ್ಪು ಹಾಕಿದ ಗಂಜಿ, ಮೊಸರನ್ನ, ಬಾಳೆಹಣ್ಣು ಒಳ್ಳೆಯದು, ಮಲ ಸ್ವಲ್ಪ ಗಟ್ಟಿಯಾಗುತ್ತೆ. ಓಆರ್‌ಎಸ್ ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳು. ಹಸಿ ತೆಂಗಿನಕಾಯಿ, ಜೋಳ, ಅಣಬೆ ಥರದ್ದು ಮೊದಮೊದಲು ಬೇಡ, ಸಿಕ್ಕಿಹಾಕಿಕೊಳ್ಳುತ್ತೆ. ತೆಂಗಿನಕಾಯಿ ಇಲ್ಲದೆ ನಿಮ್ಮಮ್ಮ ಏನು ಅಡುಗೆ ಮಾಡುತ್ತಾಳೋ ಅದನ್ನು ನೋಡಬೇಕು.

ಅಂದಹಾಗೆ ಯಾವ ಥರದ ಚೀಲ, ಬೇಕೋ ಬೇಡವೋ, ಅದೇ ಇನ್ನೂ ಗೊತ್ತಿಲ್ಲ ಅಲ್ವಾ. ಮೊದಲು ರೇಡಿಯೇಷನ್, ಜೊತೆಗೆ ಕ್ಯಾನ್ಸರಿನ ಮಾತ್ರೆ, ಆಮೇಲೆ ಕೆಲವು ವಾರ ಕಾದು ಮತ್ತೆ ಎಂಆರ್‌ಐ, ಆಮೇಲೆ ತಾನೇ ಆಪರೇಷನ್ ಮಾತು. ಕೆಲವರಿಗೆ ಗೆಡ್ಡೆ ಪೂರ್ತಿ ಕರಗಿ, ಆಪರೇಷನ್ ಮಾಡದೆ ಬರೀ ನೋಡುತ್ತಾ ಇರುವುದೂ ಇದೆಯಂತೆ. ಆ ಆಸೆ ಈಗಲೇ ಕಟ್ಟಿಕೊಳ್ಳಬೇಡ. ತಾತ್ಕಾಲಿಕ ಚೀಲವಾದರೆ ಕೆಲವು ತಿಂಗಳಲ್ಲಿ ಮುಚ್ಚುತ್ತಾರೆ. ಗೆಡ್ಡೆ ತೀರಾ ಕೆಳಗೆ, ಮಲ ಹಿಡಿಯುವ ಸ್ನಾಯುವಿಗೇ ತಾಗಿದ್ದರೆ ಅದು ಜೀವನಪೂರ್ತಿ. ನಿಮ್ಮಮ್ಮನದು ಯಾವುದು ಅಂತ ನೀನೇ ಸರ್ಜನ್ ಹತ್ತಿರ ನೇರವಾಗಿ ಕೇಳು, ಅವಳನ್ನೂ ಕೂರಿಸಿಕೊಂಡು ಕೇಳು. ಅವಳಿಗೆ ತಿಳಿಯದ ಹಾಗೆ ಹೊರಗೆ ನಿಂತು ಪಿಸುಗುಟ್ಟಬೇಡ. ನಮ್ಮ ಮನೆಯಲ್ಲಿ ಆ ಪಿಸುಮಾತು ಎಲ್ಲ ಬಾಗಿಲ ಹಿಂದೆಯೂ ಇತ್ತು, ಮಾವನವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಚೀಲ ಇಡಲೇಬೇಕಾದರೆ ಒಂದು ವಿಷಯ ಮರೆಯಬೇಡ. ಆಪರೇಷನ್‌ಗೆ ಮೊದಲೇ ಹೊಟ್ಟೆಯ ಮೇಲೆ ಜಾಗ ಗುರುತು ಮಾಡುತ್ತಾರೆ. ಆವತ್ತು ಅವಳು ಸೀರೆ ಉಟ್ಟೇ ಹೋಗಲಿ. ನಿಂತು, ಕೂತು, ಬಗ್ಗಿ ತೋರಿಸಲಿ. ಲಂಗದ ಲಾಡಿ ಕಟ್ಟುವ ಜಾಗಕ್ಕೆ ಅದು ಬರಬಾರದು. ನೈಟಿಯಲ್ಲಿ ಮಲಗಿಸಿ ಗುರುತು ಮಾಡಿದರೆ ಈ ಲಾಡಿ ಯಾರ ತಲೆಗೂ ಹೊಳೆಯದೆ ಹೋಗಬಹುದು.

ಟೀಚರಮ್ಮ ಒಂದು ಕಥೆ ಹೇಳಿದರು. ಡೆನ್ಮಾರ್ಕ್ ದೇಶದಲ್ಲಿ ಎಲಿಸೆ ಸೋರೆನ್ಸನ್ ಅಂತ ಒಬ್ಬ ನರ್ಸ್. ಅವಳ ಸಹೋದರಿ ಥೋರಾಗೆ ಹೀಗೇ ಹೊಟ್ಟೆಯಲ್ಲಿ ದಾರಿ ಮಾಡಿದ್ದರಂತೆ. ಸೋರಿಬಿಟ್ಟರೆ ಅಂತ ಹೆದರಿ ಅವಳು ಮನೆಯಿಂದ ಹೊರಗೇ ಹೋಗುತ್ತಿರಲಿಲ್ಲ. ಅದನ್ನು ನೋಡಲಾಗದೆ ಎಲಿಸೆ ಮೈಗೆ ಅಂಟುವ ಚೀಲ ಯೋಚಿಸಿದಳು, 1954ರಲ್ಲಿ. ಈಗ ಎಲ್ಲರೂ ಹಾಕಿಕೊಳ್ಳುವ ಚೀಲ ಅಲ್ಲಿಂದ ಬಂದದ್ದು. ನಮ್ಮ ಮಾವನವರಿಗೆ ಪಂಚೆ ಸುತ್ತುತ್ತಿದ್ದಾಗ ಅದು ಹುಟ್ಟಿ ಮೂವತ್ತು ವರ್ಷ ಆಗಿತ್ತು ಅಂತ ಲೆಕ್ಕ ಹಾಕಿದೆ, ಹೊಟ್ಟೆ ಉರಿಯಿತು. ಅಕ್ಕತಂಗಿಯರ ವಿಷಯ ಅಂತ ಮನಸ್ಸಿಗೆ ಹತ್ತಿರವೂ ಆಯಿತು. ನಾನು ಏನೂ ಕಂಡುಹಿಡಿಯುವವಳಲ್ಲ, ಬಂದು ನಿಮ್ಮಮ್ಮನ ಪಕ್ಕ ಮಲಗಬಲ್ಲೆ, ಕಾಲು ತೊಳೆದುಕೊಂಡೇ.

ನಿನ್ನ ಹೆಂಡತಿ "ನಾನು ಮಾಡುತ್ತೇನೆ, ನೀವು ಬೇಡ" ಅಂದಳು ಅಂತ ಬರೆದಿದ್ದೀಯ. ಒಳ್ಳೆಯ ಹುಡುಗಿ. ಆದರೆ ಆ ಮಾತಿನ ಮರೆಯಲ್ಲಿ ಅಡಗಿಕೊಳ್ಳಬೇಡ. ನಿನ್ನ ಭಯಕ್ಕೆ ಅದು ಸುಲಭದ ದಾರಿ, ಗೊತ್ತಿದ್ದೇ ಹೇಳುತ್ತಿದ್ದೇನೆ. ನೀವಿಬ್ಬರೂ ಕಲಿಯಿರಿ, ನಿಮ್ಮಮ್ಮ ಯಾರು ಬೇಕು ಅನ್ನುತ್ತಾಳೋ ಅವರು ಮಾಡಲಿ. ಅವಳು ನರ್ಸ್ ಸಾಕು ಅಂದರೆ ಅದಕ್ಕೂ ಬೇಜಾರು ಮಾಡಿಕೊಳ್ಳಬೇಡ.

ಸದ್ಯಕ್ಕೆ ಬರುವುದು ರೇಡಿಯೇಷನ್. ವಾರಕ್ಕೆ ಐದು ದಿನದಂತೆ ಐದು ವಾರದ ಮೇಲೆ ಹೋಗಬಹುದು, ಕೆಲವರಿಗೆ ಐದೇ ದಿನದಲ್ಲಿ ಮುಗಿಸುತ್ತಾರೆ. ಮೂತ್ರಕೋಶ ತುಂಬಿರಬೇಕು ಅಂತ ನೀರು ಕುಡಿಸಿ ಕೂರಿಸುವುದು ಇದೆ. ಸರದಿ ತಡವಾದರೆ ಅವಳು ಬಾಯಿಬಿಟ್ಟು ಹೇಳಲ್ಲ, ನೀನು ಹೋಗಿ ಹೇಳಬೇಕು. ನಿಜ ಹೇಳಬೇಕೆಂದರೆ ನಿನ್ನ ಭಯ ಅಲ್ಲೇ ಶುರುವಾಗಬಹುದು. ಭೇದಿ ಆಗುತ್ತೆ, ಕೂತಲ್ಲಿ ಉರಿ, ಒಮ್ಮೊಮ್ಮೆ ಬಟ್ಟೆಯಲ್ಲೇ ಆಗಿಬಿಡುತ್ತೆ. ಕಾರಿನಲ್ಲಿ ಒಂದು ಜೊತೆ ಬಟ್ಟೆ, ಹಳೇ ಟವೆಲ್ ಇಟ್ಟುಕೋ. ಆದರೆ "ಬಟ್ಟೆ ಇದೆ ಅಮ್ಮಾ" ಅಷ್ಟೇ ಹೇಳು. ಮುಖ ಸಿಂಡರಿಸಿದ್ದರೆ ಕಿಟಕಿ ಇಳಿಸಿ "ಉಫ್" ಅನ್ನು. ಅವಳು ಬೈದರೆ ಬೈಸಿಕೋ. ಮಾತ್ರೆ ಊಟವಾದ ಅರ್ಧ ಗಂಟೆಯ ಒಳಗೆ ತೆಗೆದುಕೊಳ್ಳಲಿ. ಅಂಗೈ, ಅಂಗಾಲು ಕೆಂಪಾಗಿ ಸುಲಿದರೆ ಅದು ಮಾತ್ರೆಯದು, ಸಹಿಸಿಕೊಂಡು ಸುಮ್ಮನಿರಬಾರದು, ಡಾಕ್ಟರಿಗೆ ಹೇಳಬೇಕು.

ದುಡ್ಡಿನ ವಿಷಯ ನಿನಗೆ ನನಗಿಂತ ಗೊತ್ತು. ಅಡ್ಮಿಟ್ ಮಾಡುವ ಮೊದಲೇ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ವಿಚಾರಿಸು. ಚಿಕಿತ್ಸೆಗೆ ಅಂತ ಓಡಾಡುವಾಗ ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವವರಿಗೆ ಶೇಕಡಾ 75. ಆಸ್ಪತ್ರೆಯಿಂದ ಅದಕ್ಕೆ ಫಾರಂ ಬರೆಸಿಕೊಳ್ಳಬೇಕು.

ಇನ್ನೊಂದು. ಅವಳಿಗೆ ಬಂದಿದೆ ಅಂದಮೇಲೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ನಾನು ಕೊಲೊನೊಸ್ಕೋಪಿಗೆ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಗೆ, ಹೆಸರು ಬರೆಸಿದ್ದೇನೆ. ನಿನಗೆ ನಲವತ್ತಾದಾಗ ನೀನೂ ಮಾಡಿಸು, ಅದಕ್ಕೆ ಮೊದಲು ರಕ್ತ ಕಂಡರೆ ಮೂಲವ್ಯಾಧಿ ಅಂತ ಸುಮ್ಮನಿರಬೇಡ. ಹಿಂದಿನ ದಿನ ಕುಡಿಯುವ ಔಷಧಿಗೆ ರಾತ್ರಿಯೆಲ್ಲ ಬಚ್ಚಲಿಗೆ ಓಡಬೇಕಂತೆ. ನಿಮ್ಮಮ್ಮನಿಗೆ ಹೇಳಿದೆ. ಕಾಯಿಲೆ ಗೊತ್ತಾದ ಮೇಲೆ ಮೊದಲ ಸಲ ನಕ್ಕಳು.

ರೇಡಿಯೇಷನ್ ಶುರುವಾಗುವ ತಾರೀಕು ತಿಳಿದ ತಕ್ಷಣ ಫೋನ್ ಮಾಡು. ಅಡಿಕೆ ಕೊಯ್ಲು ಅಂತ ನಿಮ್ಮ ದೊಡ್ಡಪ್ಪ ಗೊಣಗುತ್ತಾರೆ, ಅದು ನನಗೆ ಬಿಡು. ಬೆಳಗಿನ ಪಾಳಿ ನಿನ್ನದು, ಮಧ್ಯಾಹ್ನದ ಮೇಲೆ ನಾನು ಆಸ್ಪತ್ರೆಗೆ ಹೋಗುತ್ತೇನೆ. ನನಗೆ ಒಂದು ಚಾಪೆ ಸಾಕು, ಮಂಚ ಕೊಳ್ಳಬೇಡ.

ಇಂತು ನಿನ್ನ ದೊಡ್ಡಮ್ಮ