ಕಾಲಿರುವ ಸೊಳ್ಳೆಮರಿ!

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ‘ಲಾರ್ವಾ ನಾಶ ಕಾರ್ಯಾಚರಣೆ ಯಶಸ್ವಿ’ (ಲಾರ್ವಾ ಎಂದರೆ ಸೊಳ್ಳೆಮರಿ) ಎಂಬ ತಮ್ಮ ಗುರುವಾರದ ವರದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಯಶಸ್ಸಿನ ಬಹುಪಾಲು ನಮ್ಮ ಹಿತ್ತಲಿನ ಕೊಳದಲ್ಲಿ ಸತ್ತು ತೇಲುತ್ತಿದೆ.

ಮನೆಯವರು ಬೇಡವೆಂದರೂ ಕೇಳದೆ ಸಿಬ್ಬಂದಿ ಕೊಳಕ್ಕೆ ಸುಟ್ಟ ಎಣ್ಣೆ ಸುರಿದು, ಗೇಟಿಗೆ 400 ರೂಪಾಯಿ ದಂಡದ ಚೀಟಿ ಸಿಕ್ಕಿಸಿ ಹೋಗಿದ್ದಾರೆ. ಅವರು ಲಾರ್ವಾ ಎಂದು ಬರೆದುಕೊಂಡದ್ದು ಗೊದಮೊಟ್ಟೆಗಳನ್ನು! ದಾಸವಾಳದ ಕೊಂಬೆಯಲ್ಲಿ ಮರಗಪ್ಪೆ ಕಟ್ಟಿದ್ದ ನೊರೆಗೂಡಿನಿಂದ ಮಳೆಗೆ ಜಾರಿ ನೀರಿಗೆ ಬಿದ್ದವು ಅವು. ಹಿಂಗಾಲು ಬಲಿತು, ಮುಂಗಾಲು ಚರ್ಮದಡಿ ಉಬ್ಬಿ ಕಾಣುತ್ತಿತ್ತು. ಕೆಲವಂತೂ ಅರ್ಧ ಬಾಲ ಹೊತ್ತು ಕಲ್ಲಿನ ಅಂಚಿಗೇ ಬಂದು ಕುಳಿತಿದ್ದವು. ಆ ಹಂತದಲ್ಲಿ ಅವು ಹೆಚ್ಚೇನೂ ತಿನ್ನುವುದಿಲ್ಲ, ಕರಗುವ ಬಾಲವೇ ಬುತ್ತಿ. ಇನ್ನು ಕೆಲವು ದಿನ ಬಿಟ್ಟಿದ್ದರೆ ಇದೇ ಸಿಬ್ಬಂದಿಯ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದವು. ಕಾಲಿರುವ ಸೊಳ್ಳೆಮರಿಯನ್ನು ಯಾವ ತರಬೇತಿಯಲ್ಲಿ ತೋರಿಸಿದರೋ!

ಎಣ್ಣೆಯ ನಾತ ಅಡುಗೆಮನೆಗೂ ನುಗ್ಗಿದೆ. ಕೊಳದ ಕಲ್ಲಿನ ಮೇಲೆ ಚೆಲ್ಲಿದ ಎಣ್ಣೆಗೆ ಮನೆಯವರು ಜಾರಿ ಬಿದ್ದು ಮೊಣಕೈ ಊದಿಸಿಕೊಂಡಿದ್ದಾರೆ. ಮಲ್ಲಿಗೆಗೆ ಕೊಳದ ನೀರನ್ನೇ ಹಾಕುತ್ತಿದ್ದೆವು. ಇನ್ನು ನಲ್ಲಿ ನೀರು ಹಾಕೋಣವೆಂದರೆ ಅದು ಯಾವಾಗ ಬರುತ್ತದೆಂದು ಬಿಡುವವರಿಗೇ ಗೊತ್ತಿಲ್ಲ.

2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ಸರ್ಕಾರ ನಗರದ ಮನೆಗಳಿಗೆ 400, ಖಾಲಿ ನಿವೇಶನಗಳಿಗೆ 2,000 ರೂಪಾಯಿ ದಂಡ ಗೊತ್ತುಮಾಡಿತು. ಸರಿ. ಪಕ್ಕದ ನಿವೇಶನದಲ್ಲಿ ನೀರು ತುಂಬಿಕೊಂಡು ಬಿದ್ದಿರುವ ಟೈರು, ಎಳನೀರು ಬುರುಡೆಗಳ ರಾಶಿಗೆ ಚೀಟಿ ಏಕಿಲ್ಲ? ಅದು ಯಾರ ನಿವೇಶನವೆಂದು ಬಡಾವಣೆಗೆಲ್ಲ ಗೊತ್ತು. ಅಗೆದು ಬಿಟ್ಟ ಚರಂಡಿಗೆ ಮುಚ್ಚಳವಿಲ್ಲ, ಬೀದಿದೀಪವೂ ಇಲ್ಲ. ಕಂದಾಯದ ನೋಟಿಸು ಮಾತ್ರ ಕತ್ತಲಲ್ಲೂ ದಾರಿ ತಪ್ಪದೆ ಬರುತ್ತದೆ. ಹಿಂದೊಮ್ಮೆ ಇವರೇ ಸೊಳ್ಳೆಮರಿ ತಿನ್ನಲೆಂದು ಕೆರೆಗೆ ಗಾಂಬೂಸಿಯಾ ಮೀನು ಬಿಟ್ಟು ಫೋಟೊ ತೆಗೆಸಿಕೊಂಡಿದ್ದರು. ಕಪ್ಪೆಯ ಮೊಟ್ಟೆ, ಮರಿಗಳನ್ನೂ ಮುಕ್ಕುವ ಮೀನದು. ಮಳೆ ಕೈಕೊಟ್ಟರೆ ಕಪ್ಪೆಗಳಿಗೆ ಮದುವೆ ಮಾಡಿಸುವ ಊರಿನಲ್ಲಿ ಕಪ್ಪೆಯ ಮಕ್ಕಳಿಗೆ ಇದು ಸಿಗುವ ಮರ್ಯಾದೆ.

ಸಂಬಂಧಪಟ್ಟವರು ದಂಡ ರದ್ದು ಮಾಡಬೇಕು, ಚರಂಡಿ ಮುಚ್ಚಬೇಕು, ಇಲ್ಲವೇ ಸೂಕ್ತ ಕ್ರಮವನ್ನಾದರೂ ಕೈಗೊಳ್ಳಬೇಕು. ಕ್ರಮವೆಂದರೆ ಮತ್ತೆ ಎಣ್ಣೆ ಡಬ್ಬ ಹೊತ್ತು ಬರುವುದಲ್ಲ. ತಿಂಗಳ ಸಂಬಳ ಎಣಿಸಲು ಕಾಣುವ ಕಣ್ಣು ಕೊಳದೊಳಗೆ ನೋಡುವಾಗ ಎಲ್ಲಿ ಹೋಗಿತ್ತು?

— ನೊಂದ ನಿವಾಸಿ, ಮೂರನೇ ಅಡ್ಡರಸ್ತೆ